ಉಗುರಿನ ಸಂದಿಯ ಸುಣ್ಣ

6-7-2004, ಮಂಗಳವಾರ

ಯಾರೇ ಅದು, ಕಳ್ಳಬೆಕ್ಕು? ಮತ್ತೆ ಈ ಪುಸ್ತಕಕ್ಕೆ ಕೈ ಹಾಕಿದೆಯಲ್ಲ? ಹಾಳೆಯ ಅಂಚಿನಲ್ಲಿ ಎಣ್ಣೆ ಬೆರಳು ಮೂಡಿದೆ. ಈ ಮನೆಯಲ್ಲಿ ನಿಪ್ಪಟ್ಟು ತಿಂದು ಕೈ ತೊಳೆಯದವಳು ಒಬ್ಬಳೇ — ನನ್ನ ಮೊಮ್ಮಗಳು ನಯನ. ಏಳನೇ ಕ್ಲಾಸಂತೆ, ಬುದ್ಧಿ ಒಂದನೇ ಕ್ಲಾಸು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಕ್ಷರ ಕೋಳಿ ಕೆದರಿದಂತೆ ಇದೆ ಎಂದು ಹಲ್ಲು ಕಿರಿಯಬೇಡ. ಮುಚ್ಚಿಡು.

ಬೆಳಗ್ಗೆ ಮುತ್ತಮ್ಮ ಕೂಸನ್ನು ಎತ್ತಿಕೊಂಡು ಬಂದಳು. ಎರಡು ದಿನದಿಂದ ರಚ್ಚೆ ಹಿಡಿದಿದೆಯಂತೆ. ದೃಷ್ಟಿ ತೆಗೆದೆ. ತಟ್ಟೆಯಲ್ಲಿ ಅರಿಶಿನದ ನೀರು, ಮೂರು ಸುತ್ತು ಇಳಿ ತೆಗೆದು ಹೆಬ್ಬೆರಳು ಅದ್ದಿದೆ. ನೀರು ಕೆಂಪಗಾಯಿತು.

"ಅಯ್ಯೋ ನಮ್ಮವ್ವಾ, ಏಟೊಂದ್ ದಿಷ್ಟಿ ತಗಲಿತ್ತು!" ಎಂದು ಮುತ್ತಮ್ಮ ಕೈ ಮುಗಿದಳು. ಕೂಸು ಮಲಗಿತು. ನಲವತ್ತು ವರ್ಷದಿಂದ ಈ ಊರಿಗೆ ನಾನೇ. ಕಾಸು ಮುಟ್ಟಿದವಳಲ್ಲ.

9-7, ಶುಕ್ರವಾರ, ಸಂಜೆ

ಶಾಲೆಗೆ ಹೊಸದಾಗಿ ಒಬ್ಬರು ವಿಜ್ಞಾನದ ಮೇಷ್ಟ್ರು ಬಂದಿದ್ದಾರಲ್ಲ, ಪ್ರೇಮ್‌ಕುಮಾರ್. ದಿನಾ ಒಂದು ಆಟ. ನೀರಿನ ತಟ್ಟೆಯಲ್ಲಿಟ್ಟ ದೀಪದ ಮೇಲೆ ಲೋಟ ಮುಚ್ಚಿದರೆ ನೀರು ತಾನೇ ಲೋಟದೊಳಗೆ ಮೇಲೇರಿತಂತೆ. ತಲೆಗೆ ಉಜ್ಜಿದ ಬಾಚಣಿಗೆಗೆ ಕಾಗದದ ಚೂರು ಅಂಟಿತಂತೆ. ನಯನಳಿಗೆ ಊಟ ಸೇರುವುದಿಲ್ಲ, ಶಾಲೆ ಬೇಕು. ಇರಲಿ ಎಂದುಕೊಂಡಿದ್ದೆ.

ಇವತ್ತು ಕೆಂಪಾಜಮ್ಮನ ಮೊಮ್ಮಗುವಿಗೆ ದೃಷ್ಟಿ ತೆಗೆಯುತ್ತಿದ್ದೆ. ನೀರು ಇನ್ನೂ ಕೆಂಪಾಗುತ್ತಿತ್ತು, ಅಷ್ಟರಲ್ಲಿ ಇವಳು ಬ್ಯಾಗು ಎಸೆದು ಓಡಿ ಬಂದಳು. ಎರಡು ಅಂಗೈಯೂ ಕೆಂಪು.

"ಅಜ್ಜೀ, ಉಗುರ್ ತೋರ್ಸು! ಒಳ್ಗೆ ಸುಣ್ಣ ಐತೆ ತಾನೆ? ನಮ್ ಸಾ ಎಲ್ರ ಕೈಗೂ ಅರಿಶಿನ ಬಳ್ದು ಸುಣ್ಣ ಕೊಟ್ರು. ಇಂಗೇ ಕೆಂಪಾಯ್ತು! ದಿಷ್ಟಿನೂ ಇಲ್ಲ ಗಿಷ್ಟಿನೂ ಇಲ್ಲ ಕಣಜ್ಜಿ!"

ಕೆಂಪಾಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಏನವ್ವಾ ಮಲ್ಲಾಜಮ್ಮ, ಮೊಮ್ಮಗಳೇ ಮಂತ್ರ ಬಿಚ್ಬುಟ್ಲಲ್ಲ" ಎಂದಳು.

ಆ ನಗು… ಇವಳ ರೆಟ್ಟೆ ಹಿಡಿದು ಶಾಲೆಯ ಕಮಿಟಿ ಅಧ್ಯಕ್ಷ ರಾಚಯ್ಯನವರ ಜಗಲಿಗೆ ಎಳೆದುಕೊಂಡು ಹೋದೆ. ಏನು ಹೇಳಿದೆನೋ ಅದನ್ನು ಬರೆಯುವುದಿಲ್ಲ.

30-7, ಶುಕ್ರವಾರ

ಮೇಷ್ಟ್ರು ಹೋದರು. ಕಮಿಟಿಯ ದೂರಿನ ಮೇಲೆ ಮೂಗೂರಿನಾಚೆ ಒಂದು ಹಳ್ಳಿಗೆ ಡೆಪ್ಯುಟೇಷನ್ ಅಂತೆ. ನಯನ ನನ್ನೊಡನೆ ಮಾತಾಡಿ ಇಪ್ಪತ್ತೊಂದು ದಿನ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಆದರೆ ಹಾಳೆಯ ಅಂಚಿನಲ್ಲಿ ಮತ್ತೆ ಎಣ್ಣೆ ಬೆರಳು.

ಓದುತ್ತೀಯ. ಸರಿ, ಓದು. ಬರೆಯುವುದಿಲ್ಲ ಎಂದದ್ದನ್ನೂ ಬರೆಯುತ್ತೇನೆ.

ಅವತ್ತು ನಿನ್ನ ಅಂಗೈ ಬಿಡಿಸಿ ರಾಚಯ್ಯನವರಿಗೆ ತೋರಿಸಿದೆ. "ನೋಡಿ, ಮೇಷ್ಟ್ರು ಮಕ್ಕಳ ಕೈಗೆ ಆಸಿಡ್ ಉಯ್ದವ್ರೆ, ಸುಟ್ಟೋಗದೆ" ಎಂದೆ. ಅವರು ಗಾಬರಿಯಾದರು. "ಇಂಗಾಗದಾ ಮಗೀನ್ ಕೈ!" ಎಂದು ಮೇಷ್ಟ್ರನ್ನೂ ಕಮಿಟಿಯ ಇನ್ನು ಮೂರು ಜನರನ್ನೂ ಜಗಲಿಗೇ ಕರೆಸಿದರು. ಎಲ್ಲ ಗಂಡಸರು. ಕಮಿಟಿಯಲ್ಲಿ ಹೆಸರಿಗೆ ಒಬ್ಬಳು ಹೆಂಗಸು, ಅವಳು ಬಂದಿರಲಿಲ್ಲ. ಒಂದು ಸಲ ಆರತಿ ನೀರು ಕಲಸಿದ ಯಾವ ಹೆಂಗಸೇ ಇದ್ದಿದ್ದರೂ ಅಲ್ಲೇ ನಕ್ಕುಬಿಡುತ್ತಿದ್ದಳು.

"ಅದು ಅರಿಶಿನ…" ಎಂದು ನೀನು ಬಾಯಿ ತೆಗೆದೆ. ಬೆನ್ನ ಹಿಂದಿನಿಂದ ಚಿವುಟಿದೆ. ನೀನು ಅರ್ಧಕ್ಕೇ ಮಾತು ನುಂಗಿದೆ. ಆ ಚಿವುಟಿದ ಬೆರಳಿನಲ್ಲೇ ಇನ್ನೂ ಸುಣ್ಣ ಇತ್ತು.

ಈಗ ನಿಮಗೆ ವಿಜ್ಞಾನಕ್ಕೆ ರಾಮಯ್ಯ ಮೇಷ್ಟ್ರು. ಗೈಡು ನೋಡಿ ನೋಟ್ಸು ಬರೆಸುತ್ತಾರೆ. ನಿನ್ನ ಬ್ಯಾಗು ಸಂಜೆ ಎಲ್ಲಿ ಬಿದ್ದಿರುತ್ತದೋ ಬೆಳಗ್ಗೆಯೂ ಅಲ್ಲೇ.

19-8, ಗುರುವಾರ

ಹೋಗಿ ಬಂದೆ. ನಂಜನಗೂಡಿನಲ್ಲಿ ಒಂದು ಬಸ್ಸು, ನರಸೀಪುರದಲ್ಲಿ ಇನ್ನೊಂದು, ಮೂಗೂರಿನಿಂದ ಕಾಲ್ನಡಿಗೆ. ಕೇಳಿದವರಿಗೆ ಹೊಳೆಸ್ನಾನ ಎಂದೆ. ಸುಳ್ಳು ಹೇಳುವುದು ಈಗ ಅಭ್ಯಾಸವಾಗಿದೆ.

ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲೆ ದೀಪ, ಅದರ ಮೇಲೆ ಲೋಟ. ಸೀಮೆಸುಣ್ಣದ ದೀಪ, ಸೀಮೆಸುಣ್ಣದ ಲೋಟ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವು. ಒಂದು ಆಕಳಿಸಿತು.

ಮೇಷ್ಟ್ರು ಹೊರಗೆ ಬಂದರು. ಅಷ್ಟು ದೂರದಿಂದ ಜೋಡಿಸಿಕೊಂಡು ಹೋದ ಮಾತೆಲ್ಲ ಮರೆತುಹೋಯಿತು.

"ನಾನ್ ಸುಳ್ಳೇಳ್ದೆ ಮೇಷ್ಟ್ರೇ" ಎಂದೆ.

"ಗೊತ್ತು ಅಜ್ಜೀ. ಕೂತ್ಕಳಿ, ನೀರ್ ಕುಡೀರಿ."

"ಗೊತ್ತಿದ್ದೂ ಯಾಕ್ ಬಾಯ್ ಬಿಡ್ನಿಲ್ಲ?"

"ಮಗೀನ್ ಎದ್ರುಗೆ ಅದ್ರ ಅಜ್ಜೀನ ಸುಳ್ಳಿ ಅನ್ನಾಕಾಯ್ತದಾ?"

ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದೆ. "ನಡೀರಿ, ಈ ಮಕ್ಕಳಿಗೆ ನಾನೇ ತೋರಿಸ್ತೀನಿ" ಎಂದೆ. ಅವರು ಬಾಗಿಲ ಕಡೆ ನೋಡಿ ನನ್ನ ಕೈ ಹಿಡಿದರು.

"ಬ್ಯಾಡಿ ಅಜ್ಜೀ. ಈಗ ಮಕ್ಕಳ ಕೈಗೆ ನಾನ್ ಏನೂ ಕೊಡಕಿಲ್ಲ. ಯಾರಾರ ನೋಡುದ್ರೆ…"

ಡಬ್ಬಿಯ ಮುಚ್ಚಳವನ್ನು ಅವರೇ ಹಾಕಿದರು. ನೀರು ಕುಡಿಯದೆ ಬಂದೆ.

23-8, ಸೋಮವಾರ, ಮಧ್ಯಾಹ್ನ

ಮುತ್ತಮ್ಮ ಮತ್ತೆ ಕೂಸನ್ನು ತಂದಿದ್ದಳು. "ಆಸ್ಪತ್ರೆಗೆ ಹೋಗೇ, ನನ್ನ ಕೈಲಿ ಏನೂ ಇಲ್ಲ" ಎಂದೆ. ಉಗುರು ಕತ್ತರಿಸಿದ್ದೇನೆ.

ಬರುವ ತಿಂಗಳು ನಾಲ್ಕಕ್ಕೆ ಕಮಿಟಿ ಮೀಟಿಂಗು. ರಾಚಯ್ಯನವರಿಗೆ ಬರುತ್ತೇನೆ ಎಂದು ಹೇಳಿ ಬಂದೆ, ಯಾಕೆ ಎಂದು ಹೇಳಲಿಲ್ಲ. ಆ ಗಂಡಸರು ಬಾಯಿಮಾತು ನಂಬುವುದಿಲ್ಲ. ಅವತ್ತು ಏನು ನೋಡಿದರೋ ಅದನ್ನೇ ನೋಡಬೇಕು. ಅದೇ ಅಂಗೈ. ಅರಿಶಿನ ಬಳಿಯುತ್ತೇನೆ, ಸುಣ್ಣ ಸವರುತ್ತೇನೆ, ಕೆಂಪಾಗಲಿ. ಆಮೇಲೆ ನಿಂಬೆಹಣ್ಣು ಹಿಂಡುತ್ತೇನೆ, ಅವರ ಕಣ್ಣೆದುರೇ ಮತ್ತೆ ಹಳದಿಗೆ ಬರಲಿ. ಸುಟ್ಟ ಕೈ ಹಾಗೆ ಬರುತ್ತದೆಯೇ? ಮೇಷ್ಟ್ರನ್ನು ಹಿಂದಕ್ಕೆ ಕರೆಸಿ ಎಂದು ಆಗ ಕೇಳುತ್ತೇನೆ. ಊರು ನಗುತ್ತದೆ. ಕೆಂಪಾಜಮ್ಮ ಎಲ್ಲರಿಗಿಂತ ಮುಂಚೆ. ನಗಲಿ.

ನನ್ನ ಕೈಯಲ್ಲೇ ತೋರಿಸಬಹುದು. ಆದರೆ ಅವರು ನೋಡಿದ್ದು ನಿನ್ನ ಕೈ.

ಈ ಸಲ ಎಳೆದುಕೊಂಡು ಹೋಗುವುದಿಲ್ಲ. ಚಿವುಟುವುದಿಲ್ಲ. ನೀನು ಬಾಯಿ ತೆಗೆದರೆ ನಾನು ಮುಚ್ಚಿಕೊಂಡಿರುತ್ತೇನೆ. ಕೈ ಕೊಡುತ್ತೀಯೋ ಇಲ್ಲವೋ? ನನ್ನೊಡನೆ ಮಾತಾಡಬೇಡ, ಬೇಕಿಲ್ಲ. ಕೆಳಗೆ ಜಾಗ ಬಿಟ್ಟಿದ್ದೇನೆ. ಎಣ್ಣೆ ಬೆರಳು ಒತ್ತಿ ಓಡಿಹೋದರೆ ಒಪ್ಪುವುದಿಲ್ಲ, ಅಕ್ಷರದಲ್ಲಿ ಬೇಕು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ. ಕೈ ತೊಳೆದುಕೊಂಡು —