ಹುಣಸೆಮರದ ಹಾಲಕ್ಕಿ

ದುದ್ದ,
20-2-1975

ಕಡಲಾಚೆ ಕೂತಿರುವ ನನ್ನ ಯಜಮಾನರಿಗೆ ನಮಸ್ಕಾರ.

ಆರೋಗ್ಯ ಹೇಗಿದೆ? ಇಂಗ್ಲೆಂಡಿನ ಚಳಿಗೆ ಕೆಮ್ಮು ಮತ್ತೆ ಕೆರಳಿತೋ ಏನೋ. ಅತ್ತೆ ಕಳಿಸಿದ ಮೆಣಸಿನ ಪುಡಿಯನ್ನು ಡಬ್ಬಿಯಲ್ಲೇ ಪೂಜೆ ಮಾಡಬೇಡಿ, ಬಿಸಿನೀರಿಗೆ ಹಾಕಿ ಕುಡಿಯಿರಿ. ಇಲ್ಲಿ ಕಬ್ಬು ಕಡಿದಾಯಿತು. ಅತ್ತೆಯ ಮಂಡಿನೋವು ಹಾಗೇ ಇದೆ. ನನ್ನ ಮೈ ಚೆನ್ನಾಗಿದೆ, ಮನಸ್ಸಿನ ವಿಚಾರ ಕೇಳಬೇಡಿ.

ದೀಪಾವಳಿಯಲ್ಲಿ ನಮ್ಮ ಮಗು ಹೋದ ಮೇಲೆ ನೀವು ಬರೆದ ಕಾಗದವನ್ನು ಮಡಿಕೆ ಹರಿಯುವಷ್ಟು ಸಲ ಓದಿದ್ದೇನೆ. ಡ್ರೂಯಿಡ್ ಎಂಬ ಪಂಥದವರ ಜೊತೆ ಸೇರಿದ್ದೀರಿ, ಅವರಿಗೆ ಕಾಡೇ ಗುಡಿ, ಓಕ್ ಮರವೇ ಗುರು ಎಂದಿರಿ. ನೀನೂ ಒಂದು ಮರ ಆರಿಸಿಕೊ, ಅದರಡಿ ಕೂತು ದುಃಖ ಹೇಳಿಕೊ, ಬರುವ ಹಕ್ಕಿ ಹುಳುವನ್ನೆಲ್ಲ ನೋಡು ಎಂದಿರಿ. ಓದು ಹೆಚ್ಚಾಗಿ ಹೀಗಾದಿರಿ ಎಂದುಕೊಂಡೆ. ಆದರೂ ಕೆರೆ ಏರಿಯ ಹುಣಸೆಮರದ ಕೆಳಗೆ ಹೋಗಿ ಕೂತೆ. ಅದರ ಪೊಟರೆಯಲ್ಲೊಂದು ಹಾಲಕ್ಕಿ ಇದೆ, ನಮ್ಮೂರವರು ಅಪಶಕುನವೆಂದು ಕಲ್ಲು ಬೀಸುವ ಆ ಪುಟ್ಟ ಗೂಬೆ. ಇಳಿಹೊತ್ತಿಗೆ ಹೊರಗೆ ಬಂದು, ತಲೆ ಬಗ್ಗಿಸಿ ಎತ್ತಿ ನನ್ನನ್ನೇ ನೋಡುತ್ತದೆ. ಮಗುವನ್ನು ಹೇಗೆ ಕಳೆದುಕೊಂಡೆ ಎಂದು ಕೇಳದ ಜೀವ ಊರಲ್ಲಿ ಅದೊಂದೇ. ಅದರೊಡನೆ ಮಾತಾಡಿದೆ, ಅದರೆದುರು ಅತ್ತುಬಿಟ್ಟೆ. ಒಂದು ಸಂಜೆ ನನಗೆ ತಿಳಿಯದೆ ಕೈ ಮುಗಿದಿದ್ದೆ. ಮಗು ಹೋದಾಗಿನಿಂದ ದೇವರ ಮನೆಯಲ್ಲೂ ಹಾಗೆ ಕೈ ಮುಗಿಯಲು ಆಗಿರಲಿಲ್ಲ.

ದನ ಹೊಡೆದುಕೊಂಡು ಹೋಗುತ್ತಿದ್ದ ಬೋರಯ್ಯನ ಹೆಂಡತಿ ಅದನ್ನು ನೋಡಿಬಿಟ್ಟಳು. ಮನೆಗೆ ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಉಣ್ಸೇಮರದ ಗಾಳಿ ಸೋಕ್ಯದೆ ಕಣವ್ವ, ಇನ್ಮ್ಯಾಕೆ ವಸ್ಲು ದಾಟ್ಬ್ಯಾಡ” ಎಂದರು. ಸಿಟ್ಟಿಲ್ಲ, ಕಣ್ಣಲ್ಲಿ ನೀರಿತ್ತು. ನೀವೇ ಹೇಳಿದ್ದು ಎಂದು ನಿಮ್ಮ ಕಾಗದ ಓದಿದೆ. “ನನ್ ಮಗ ಓದ್ದೋನು, ಇಂಗೆಲ್ಲ ಬರಿಯಾಕಿಲ್ಲ. ನೀನೇ ಸೇರ್ಸಿ ಓದ್ತಿದ್ದೀಯ, ಬುಡು” ಎಂದರು. ಅವರಾದರೂ ಹೇಗೆ ನಂಬುತ್ತಾರೆ? ತಾಯಿಗೆ ಬರೆಯುವಾಗ ನೀವು ಮುತ್ತತ್ತಿರಾಯನ ದಯೆಯಿಂದ ಕ್ಷೇಮ ಎಂದಷ್ಟೇ ಬರೆಯುತ್ತೀರಿ. ನಿಮ್ಮ ಮರ, ನಿಮ್ಮ ಗುರು ಎಲ್ಲ ನನ್ನ ಪಾಲಿಗೆ ಮಾತ್ರ. ಅಲ್ಲಿ ನಿಮ್ಮನ್ನು ಜ್ಞಾನಿ ಎನ್ನುತ್ತಾರೇನೋ, ಇಲ್ಲಿ ನಾನು ದೆವ್ವ ಹಿಡಿದವಳು. ನನಗೆ ನಿಮ್ಮ ಮೇಲೆ ಕೋಪ ಬಂದಿದೆ. ಆ ಹಕ್ಕಿಯನ್ನು ನೋಡದೆ ಸಂಕಟವೂ ಆಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಗೆಳೆಯರಿಗೂ ಆ ಓಕ್ ಮರಕ್ಕೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಪಟ್ಟಲಮ್ಮ

ಮರೆತಿದ್ದೆ: ಟಪಾಲಿನವರು ಜಗಲಿಯಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಶಿವರಾತ್ರಿ ಅಮಾವಾಸ್ಯೆಗೆ ಅತ್ತೆ ಮಳವಳ್ಳಿ ಕಡೆಯಿಂದ ದೆವ್ವ ಬಿಡಿಸುವ ಮರಿಸಿದ್ದಯ್ಯನನ್ನು ಕರೆಸುತ್ತಿದ್ದಾರೆ. ನನ್ನ ಕೂದಲನ್ನು ಅದೇ ಮರಕ್ಕೆ ಮೊಳೆ ಹೊಡೆದು ಕತ್ತರಿಸುತ್ತಾರಂತೆ. ಅದಕ್ಕೆ ಮೊದಲು ಬೇವಿನ ಬರಲಲ್ಲಿ ಹೊಡೆಯುತ್ತಾ, “ಯಾರ್ಲಾ ನೀನು, ಎಸ್ರೇಳು” ಎಂದು ಕೇಳುತ್ತಾರಂತೆ. ಮೈಮೇಲಿರುವವರು ಹೆಸರು ಹೇಳುವ ತನಕ ಬಿಡುವುದಿಲ್ಲವಂತೆ. ‘ಮರದಡಿ ಕೂರಲು ನಾನೇ ಹೇಳಿದ್ದು’ ಎಂದು ಅತ್ತೆಗೆ ಒಂದು ತಂತಿ ಕೊಡಿ. ಅದು ಬರದಿದ್ದರೆ, ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡದ ನಿಮ್ಮ ಹೆಸರನ್ನು ಅವತ್ತು ಊರೆಲ್ಲ ಕೇಳುವಂತೆ ಹೇಳುತ್ತೇನೆ.