ಟೆಂಟುಗಳ ನಡುವೆ ಚರಗ

ಗೋರೆಗಾಂವ್ ಪೂರ್ವ, ಮುಂಬಯಿ
10 ಜನವರಿ 2025, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಶರಣಾ,

ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಇಗತಪುರಿಯ ಆಚೆ, ಆ ಕೆರೆಯ ದಂಡೆಯಲ್ಲಿ, ಈ ಥಂಡಿಯಲ್ಲಿ ನಿನ್ನ ಎದೆ ಕಟ್ಟದೆ ಇರುತ್ತದೆಯೇ ಎಂದು ನನಗೆ ದಿನಾ ಚಿಂತೆ. ಚಿಕ್ಕವನಿದ್ದಾಗ ಪರೇಲಿನ ಚಾಳಿನಲ್ಲಿ ಗ್ಯಾಲರಿಯ ಗಾಳಿ ತಾಗಿದರೂ ಮರುದಿನ ಗೊರಗೊರ ಎನ್ನುತ್ತಿದ್ದವನು ನೀನು. ಈಗ ಬಟ್ಟೆಯ ಗೋಡೆಯೊಳಗೆ ಮಲಗುತ್ತೀ. ಅಜವಾನವನ್ನು ಹುರಿದು ಗಂಟು ಕಟ್ಟಿ ಟೆಂಪೋದಲ್ಲಿ ಕಳಿಸಿದ್ದೆ, ಮುಟ್ಟಿತು ಎಂದು ಒಂದು ಮಾತು ಹೇಳಲಿಲ್ಲ. ಟೆಂಟಿಗೆ ಬಂದವರ ತಾಟು ತುಂಬಿಸುವ ಗಡಿಬಿಡಿಯಲ್ಲಿ ನೀನು ಉಪವಾಸ ಇರಬೇಡ. ನಾನು ಆರಾಮ ಇದ್ದೇನೆ. ಬಿಲ್ಡಿಂಗಿನ ಲಿಫ್ಟ್ ಕೆಟ್ಟ ದಿನ ಮೊಣಕಾಲು ನೆನಪಾಗುತ್ತದೆ, ಉಳಿದ ದಿನ ಮರೆತಿರುತ್ತೇನೆ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ನಗಬಹುದು ನೀನು. ಫೋನಿನಲ್ಲಿ ನಾನು ಮಾತು ಶುರು ಮಾಡುವಷ್ಟರಲ್ಲಿ "ಅವ್ವಾ, ನೆಟ್‌ವರ್ಕ್ ಹೊಂಟತಿ, ಆಮ್ಯಾಲೆ ಮಾಡ್ತೀನಿ" ಎನ್ನುತ್ತೀ. ಆಮೇಲೆ ಎಂಬುದು ಬರುವುದೇ ಇಲ್ಲ. ಪತ್ರದ ನಡುವೆ ನಿನಗೆ ನೆಟ್‌ವರ್ಕ್ ಹೋಗುವುದಿಲ್ಲ, ನನ್ನ ಬಾಯಿಗೆ ಅಡ್ಡ ಬರಲೂ ಆಗುವುದಿಲ್ಲ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅಷ್ಟು ವರ್ಷ ಪಾಠ ಹೇಳಿದ ಮೇಷ್ಟರಮ್ಮ ನಾನು, ನಿನಗೂ ಅಕ್ಷರ ತಿದ್ದಿಸಿದವಳು ನಾನೇ. ಓದಲು ಬರುವುದಿಲ್ಲ ಎಂಬ ನೆವ ನನ್ನ ಹತ್ತಿರ ನಡೆಯುವುದಿಲ್ಲ. ನಿನ್ನ ಕ್ಯಾಂಪಿಗೆ ತರಕಾರಿ ಒಯ್ಯುವ ಟೆಂಪೋದ ಡ್ರೈವರ್ ಕೈಯಲ್ಲಿ ಇದನ್ನು ಕೊಡುತ್ತೇನೆ. ನಿನ್ನ ಹೆಂಡತಿ ವೈಶಾಲಿ ಬಡಿದ ಕಡಕ್ ರೊಟ್ಟಿಯ ಡಬ್ಬಿಗಳ ಮೇಲೆ ಇರುತ್ತದೆ. ಹೌದು, ಈ ಶುಕ್ರವಾರವೂ ಅವಳು ರೊಟ್ಟಿ ಬಡಿದಿದ್ದಾಳೆ. ಬಿಡು ಎಂದೆ, ಕೇಳಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ನಾನು, ವೈಶಾಲಿ, ನಿನ್ನ ಮಗಳು ಮಾಧುರಿ ಮೂವರೂ ಯಾಕೆ ಹೇಳದೆ ಕೇಳದೆ ಬಂದೆವು ಎಂದು ನೀನು ಸಿಟ್ಟಾಗಿದ್ದೀ. ಕಾರಣ ಕೇಳು. ನಿನ್ನ ಅಪ್ಪ ವಿಜಯಪುರದ ಹೊಲ ಬಿಟ್ಟು ಪರೇಲಿನ ಮಿಲ್ಲಿಗೆ ಬಂದ ಮೇಲೂ ಒಂದೇ ಒಂದು ಎಳ್ಳಮಾಸಿ ಬಿಡಲಿಲ್ಲ. ಚರಗ ಚೆಲ್ಲಲು ಹೊಲ ಎಲ್ಲಿದೆ ಎಂದು ಜನ ನಕ್ಕರೆ, ನೆಲ ಇದೆಯಲ್ಲ ಎನ್ನುತ್ತಿದ್ದರು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ ಬುತ್ತಿ ಕಟ್ಟಿಕೊಂಡು ನಾವು ಲೋಕಲ್ ಹಿಡಿದು ಗೋರೆಗಾಂವಿನಲ್ಲಿ ಇಳಿದು ಆರೇ ಕಾಲೊನಿಯ ಮರಗಳ ಕೆಳಗೆ ಹೋಗುತ್ತಿದ್ದೆವು. ಫಲ ಹೊತ್ತ ಭೂಮಿತಾಯಿಗೆ ಮೊದಲ ತುತ್ತು, ಅದೇ ಚರಗ. ಅವರು ಮುಂದೆ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲುವುದು, ನಾನು ಹಿಂದೆ ತಂಬಿಗೆಯಿಂದ ನೀರು ಹಾಕುತ್ತ "ಚಲ್ಲಂಬರಿಗೋ" ಎನ್ನುವುದು. ಅವರು ಹೋದ ಮೇಲೆ ಮುಂದೆ ನೀನು, ಹಿಂದೆ ವೈಶಾಲಿ. ಮನೆಯ ಗಂಡ ಹೆಂಡತಿ ಮಾಡುವ ಕೆಲಸ ಅದು, ನಿನಗೆ ಗೊತ್ತಿಲ್ಲದ್ದೇನಲ್ಲ.

ಈ ಸಲ "ಸೀಜನ್ ಐತೆವ್ವಾ, ಇಯರ್ ಎಂಡ್, ಒಂದೂ ಟೆಂಟ್ ಖಾಲಿ ಇಲ್ಲ, ಬರಾಕ ಆಗಂಗಿಲ್ಲ" ಎಂದೆ. ಜೊತೆಗೆ ಎಳ್ಳಮಾಸಿಯ ಅಡಿಗೆಯನ್ನೆಲ್ಲ ಹೆಚ್ಚಿಗೆ ಮಾಡಿ ಕಳಿಸಿ, ಕೆಲಸದವರಿಗೆ ಉಣಿಸಬೇಕು ಎಂದೂ ಹೇಳಿದೆ. ವೈಶಾಲಿ ಪರೇಲಿನ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಿಂದ ಬಂದು, ಸೀರೆ ಬದಲಿಸುವ ಮೊದಲೇ ಶೇಂಗಾ ಹುರಿಯಲು ನಿಂತಳು. ಹೋಳಿಗೆ ತಟ್ಟುತ್ತ ಅವಳೇ ಅಂದಳು: "ಅತ್ತೀ, ಅವರಿಗೆ ಬರಾಕ ಆಗದಿದ್ರ ನಾವೇ ಹೋಗೂಣ್ರಿ. ಹೆಂಗೂ ಜೂನ್‌ನ್ಯಾಗ ಅಲ್ಲೇ ಇರೂದೈತಿ." ಜೂನ್‌ನಲ್ಲಿ ಸಂಸಾರವನ್ನೇ ಅಲ್ಲಿಗೆ ಸಾಗಿಸುವ ಮಾತು ನಿನ್ನದು, ನಾನು ಹುಟ್ಟಿಸಿದ್ದಲ್ಲ. ಅಡಿಗೆಯ ಶೆಡ್ಡಿನ ಹಿಂದೆ ಎರಡು ಖೋಲಿ ಕಟ್ಟಿಸುತ್ತೇನೆ, ಮಾಧುರಿಯನ್ನು ಇಗತಪುರಿಯ ಶಾಲೆಗೆ ಹಾಕೋಣ, ವೈಶಾಲಿ ಕೆಲಸ ಬಿಡಲಿ ಎಂದು ದಸರೆಯಲ್ಲಿ ನೀನೇ ಕುಳಿತು ಹೇಳಿದ್ದು. ಅವಳು ನಂಬಿದಳು. ಮಾರ್ಚ್ ಕೊನೆಗೆ ಬಿಡುತ್ತೇನೆ ಎಂದು ಆಸ್ಪತ್ರೆಗೆ ಬರೆದೂ ಕೊಟ್ಟಳು. ಮಾಧುರಿಯಂತೂ ಕ್ಲಾಸಿನ ಹುಡುಗಿಯರಿಗೆಲ್ಲ ನಾವು ಕೆರೆಯ ಪಕ್ಕದಲ್ಲಿ ಇರುತ್ತೇವೆ ಎಂದು ಹೇಳಿಕೊಂಡು ತಿರುಗಿದಳು.

ದಾದರಿನಲ್ಲಿ ಕಸಾರಾ ಲೋಕಲ್ ಹತ್ತಿದೆವು. ಚರಗದ ಗಡಿಗೆಯನ್ನು ಯಾರ ಕಾಲೂ ತಾಗದಂತೆ ವೈಶಾಲಿ ತೊಡೆಯ ಮೇಲೆ ಇಟ್ಟುಕೊಂಡಳು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಇದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, ನಮ್ಮ ಹೊಲದ ಊಟ ಎಂದು ಎಷ್ಟು ಡೌಲಿನಿಂದ ಹೇಳಿದಳು ಗೊತ್ತೇ? ನಮ್ಮ ಹೊಲ ಅಂತೆ! ನೀನು ಬಾಡಿಗೆಗೆ ಹಿಡಿದ ಗುಡ್ಡದ ಇಳಿಜಾರು ಅದು, ಒಂದು ಕಾಳು ಬೆಳೆಯುವುದಿಲ್ಲ, ಅದು ಅವಳಿಗೂ ಗೊತ್ತು. ಘಾಟಿನಲ್ಲಿ ಜೀಪು ಹೊರಳಿ ಹೊರಳಿ ಮಾಧುರಿ ಎರಡು ಸಲ ವಾಂತಿ ಮಾಡಿಕೊಂಡಿತು. ಆದರೂ ನೀರು ಕಂಡ ಕೂಡಲೆ ಎದ್ದು ಕೂತಿತು. ಜಾಗ ಚೆಂದ ಇದೆ ಶರಣಾ, ಇಲ್ಲ ಎನ್ನುವುದಿಲ್ಲ. ಸುತ್ತ ಕಾಡು, ಎದುರಿಗೆ ಕೆರೆ, ಹಳದಿ ಟೆಂಟುಗಳ ಸಾಲು. ಅಲ್ಲಿ ಮನುಷ್ಯ ಎಲ್ಲವನ್ನೂ ಮರೆಯಬಹುದು. ಮರೆತವನನ್ನು ಕಂಡೇ ಬಂದೆ.

ನೀನು ಬಾಂದ್ರಾದ ಯಾವುದೋ ಆಫೀಸಿನ ಗುಂಪಿನ ನಡುವೆ ನಿಂತಿದ್ದೆ. ಜುಟ್ಟು ಬಿಟ್ಟಿದ್ದೀ, ಕೊರಳಲ್ಲಿ ಮಣಿಸರ. ನಮ್ಮನ್ನು ಕಂಡೆ. ನಿನ್ನ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ, ಅದನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಉರಿ. ಆ ಸಂತೋಷವನ್ನು ನೀನು ಒಳಗೆ ತಳ್ಳಿದೆ. ಯಾರೋ ಇವರು ಯಾರು ಎಂದು ಕೇಳಿದರು. ನೀನು ನಮ್ಮ ಕಡೆ ಕೈ ಚಾಚಿ, "ಯೇ ಹಮಾರೀ ಕಿಚನ್ ಟೀಮ್ ಹೈ, ಮುಂಬಯಿ ಸೇ" ಎಂದೆ. ಅವರೆಲ್ಲ ಚಪ್ಪಾಳೆ ತಟ್ಟಿದರು. ನಿನ್ನ ಅವ್ವ, ನಿನ್ನ ಹೆಂಡತಿ, ನಿನ್ನ ಮಗಳು, ಮೂವರೂ ಕಿಚನ್ ಟೀಮ್. ಓಡಿ ಬರಲು ಹೊರಟ ಮಾಧುರಿಯ ಬಾಯಲ್ಲಿ ಪಪ್ಪಾ ಎಂಬುದು ಅರ್ಧಕ್ಕೆ ನಿಂತಿತು. ನಾನು ಅಷ್ಟು ಜನರೆದುರು ಏನು ಮಾಡಲಿ, ಕೈ ಮುಗಿದೆ. ಆ ನಮಸ್ಕಾರ ನೆನೆದರೆ ಈಗಲೂ ನನ್ನ ಕೈ ನನಗೇ ಬೇಡವಾಗುತ್ತದೆ.

ವೈಶಾಲಿ ಸೆರಗು ಸಿಕ್ಕಿಸಿ ಸೀದಾ ಶೆಡ್ಡಿಗೆ ಹೋಗಿ ಎಣ್ಣೆಗಾಯಿ ಬಿಸಿ ಮಾಡತೊಡಗಿದಳು. ನೀನು ಹಿಂದಿನ ಬಾಗಿಲಿಗೆ ಬಂದು "ಈಗ ಗೆಸ್ಟ್ ಅದಾರ, ಸಂಜೀಕ ಎಲ್ಲಾ ಹೇಳ್ತೀನಿ" ಎಂದು ಪಿಸುಗುಟ್ಟಿ ಹೋದೆ. ಏನು ಹೇಳುವವನಿದ್ದೆ ಎಂದು ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಆ ಗುಂಪಿನಲ್ಲಿ ನಿಶ್ಮಿತಾ ಎಂಬ ಹುಡುಗಿ ಇದ್ದಳಲ್ಲ, ಉಡುಪಿ ಕಡೆಯವಳು, ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಮಾತು ಕೇಳಿ ಖುಷಿಯಿಂದ ಬಂದಳು. "ನೀವು ಕನ್ನಡದವರಾ ಆಂಟಿ? ನಂಗೆ ಸ್ವಲ್ಪ ಸ್ವಲ್ಪ ಬರ್ತದೆ, ಮನೇಲಿ ತುಳು" ಎಂದು ನನ್ನ ಪಕ್ಕ ಕೂತಳು. ಒಳ್ಳೆಯ ಹುಡುಗಿ. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಶರಣ್ ಸರ್‌ಗೆ ಯಾರೂ ಇಲ್ಲ ಅಲ್ವಾ, ಸೋ ಸ್ಯಾಡ್. ಸಿಟಿಯಲ್ಲಿ ಎಲ್ಲ ಛೋಡ್ ಕೇ, ಅಕೇಲಾ ಲೇಕ್ ಹತ್ರ ಬಂದದ್ದಂತೆ. ನಾವು ಸರ್ ಹಾಕಿದ ವೀಡಿಯೋ ನೋಡಿಯೇ ಬುಕ್ ಮಾಡಿದ್ದು." ಫೋನಿನಲ್ಲಿ ಆ ವೀಡಿಯೋ ತೋರಿಸಿದಳು ಕೂಡ. ನೀನು ಒಬ್ಬನೇ ನೀರಿನ ಕಡೆ ಮುಖ ಮಾಡಿ ಕೂತಿದ್ದೀ, ಹಿಂದಿನಿಂದ ಕೊಳಲಿನ ಸಂಗೀತ. ವೈಶಾಲಿ ಒಲೆಯ ಮುಂದೆ ನಿಂತೇ ಎಲ್ಲ ಕೇಳಿಸಿಕೊಂಡಳು. ನಾವು ಬದುಕಿರುವಾಗಲೇ ನಮ್ಮ ಕೈಯ ರೊಟ್ಟಿಯನ್ನು ಜನರಿಗೆ ಉಣಿಸುತ್ತ, ನಮ್ಮನ್ನು ಇಲ್ಲ ಎನ್ನಿಸಿಬಿಟ್ಟೆಯಲ್ಲೋ ಶರಣಾ! ಹೆಂಡತಿ ಸಾಕಾದಳು ಎಂದು ಬಿಟ್ಟು ಹೋಗುವ ಗಂಡಸರನ್ನು ನಾನು ಚಾಳಿನಲ್ಲಿ ಕಂಡಿದ್ದೇನೆ. ಅವರು ಹೋಗುತ್ತಿದ್ದರು, ಅಷ್ಟೇ. ಹೋಗಿಯೂ ಡಬ್ಬಿ ತರಿಸಿಕೊಳ್ಳುತ್ತಿರಲಿಲ್ಲ.

ಇನ್ನು ಚರಗದ ಮಾತು. ಕೆಲಸದವರಿಗೆ ಎಂದು ನೀನು ತರಿಸಿದ ಅಡಿಗೆ ಬಂದವರ ಹಬ್ಬದೂಟ ಎಂದು ಆಗ ತಿಳಿಯಿತು. ಆದರೂ ಗಡಿಗೆ ಹೊರಗೆ ತಂದಾಗ ವೈಶಾಲಿ ತಂಬಿಗೆ ತುಂಬಿಕೊಂಡು ಬಂದು ನಿನ್ನ ಹಿಂದೆ ನಿಂತಳು. ಅಷ್ಟೆಲ್ಲ ಆದ ಮೇಲೂ ನಿಂತಳು! ಅದು ಅವಳ ಜಾಗ, ಇನ್ನೆಲ್ಲಿ ನಿಲ್ಲಬೇಕು? ನೀನು ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು, ನಿಶ್ಮಿತಾಗೆ ಕನ್ನಡ ಬರುತ್ತದಲ್ಲ ಎಂದು ಅವಳ ಕೈಗೆ ಕೊಟ್ಟೆ. ಪಾಪ, ಆ ಹುಡುಗಿಗೆ ಏನು ಗೊತ್ತು, ನಗುತ್ತ ನಗುತ್ತ ಹಿಂದೆ ಬಂದಳು. ಎಲ್ಲರೂ ಫೋನ್ ಎತ್ತಿ ಹಿಡಿದರು. ಯಾರೋ ಸರಿಯಾಗಿ ಬರಲಿಲ್ಲ ಎಂದದ್ದಕ್ಕೆ ನೀನು ತಿರುಗಿ ಮೊದಲಿನಿಂದ ಚೆಲ್ಲಿದೆ. ಭೂಮಿತಾಯಿಗೆ ಎರಡನೇ ಟೇಕ್! ಟೆಂಟಿನ ಮುಂದೆ ಹಾಸಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಡಬು, ಹೋಳಿಗೆ, ಅನ್ನ. ಊಟ ಮುಗಿಯುವ ಮೊದಲೇ ನಿನ್ನ ಕೆಲಸದವನು ಬಂದು, ಬರಿಗಾಲಿನ ಜನ ಓಡಾಡುತ್ತಾರೆ ಎಂದು ಅದನ್ನೆಲ್ಲ ಗುಡಿಸಿ ಕಸದ ಚೀಲಕ್ಕೆ ಹಾಕಿದ. ಆರೇಯಲ್ಲಿ ಇರುವೆ ತಿನ್ನುತ್ತಿತ್ತು, ಹಕ್ಕಿ ತಿನ್ನುತ್ತಿತ್ತು. ನಿನ್ನಲ್ಲಿ ಅವಕ್ಕೂ ಇಲ್ಲ.

ನಾವು ಹೊರಟಾಗ ನೀನು ಯಾರಿಗೋ ದೋಣಿಯ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದೆ. ಎಷ್ಟು ಸಮಾಧಾನದಿಂದ, ಎಷ್ಟು ನಗುತ್ತ ಕಲಿಸುತ್ತಿದ್ದೆ! ಮಾಧುರಿಗೆ ಸೈಕಲ್ ಕಲಿಸು ಎಂದರೆ ನಿನಗೆ ಪುರುಸೊತ್ತು ಆದದ್ದಿಲ್ಲ. ಕಸಾರಾ ಸ್ಟೇಶನ್ನಿನಲ್ಲಿ ಚಹಾ ಕುಡಿಯುವಾಗ ವೈಶಾಲಿ ಅಂದದ್ದು ಒಂದೇ ಮಾತು: "ರೊಟ್ಟಿ ಕಡಿಮಿ ಬಿದ್ದುವಲ್ರಿ ಅತ್ತೀ." ನನಗೆ ಅಲ್ಲೇ ಅಳು ಬಂತು, ಅವಳಿಗೆ ಬರಲಿಲ್ಲ.

ಮರುದಿನ ಫೋನಿನಲ್ಲಿ ನೀನು "ಇದು ಬಿಸಿನೆಸ್ ಐತೆವ್ವಾ, ನಿನಗ ತಿಳಿಯಂಗಿಲ್ಲ, ಜನಕ್ಕ ಒಂದು ಸ್ಟೋರಿ ಬೇಕು" ಎಂದೆ. ತಿಳಿಯದೆ ಏನು? ಕಥೆ ಬೇಕಾದರೆ ಹೇಳಿಕೋ. ಕಷ್ಟಪಟ್ಟು ಮೇಲೆ ಬಂದೆ, ಹೆಂಡತಿ ರೊಟ್ಟಿ ಬಡಿದಳು, ಅವ್ವ ಹಿಟ್ಟು ಜರಡಿ ಹಿಡಿದಳು ಎಂದರೆ ಯಾವ ಬಾಂದ್ರಾದವರು ಟೆಂಟ್ ಬಿಟ್ಟು ಓಡಿ ಹೋಗುತ್ತಿದ್ದರು? ನೀನು ನಾಚಿದ್ದು ನಮ್ಮ ಬಡತನಕ್ಕೂ ಅಲ್ಲ, ನಮ್ಮ ಕನ್ನಡಕ್ಕೂ ಅಲ್ಲ. ಅವೆಲ್ಲ ನಿನ್ನ ಕ್ಯಾಂಪಿನ ಊಟಕ್ಕೆ ಹೆಸರು ತರಲು ಬೇಕು. ಒಂಟಿ ಎನಿಸಿಕೊಳ್ಳುವ ಸುಖ ನಿನಗೆ ರುಚಿ ಹತ್ತಿದೆ. ಆ ಸುಖ ವೈಶಾಲಿಯ ದುಡಿತದ ಮೇಲೆ ನಡೆದಿದೆ. ಇದನ್ನು ಬರೆಯಲು ನನಗೆ ಸುಲಭವಾಗಿಲ್ಲ, ಹೆತ್ತವಳು ನಾನು.

ಬಂದು ಅವಳ ಮುಂದೆ ಕೂತು ಮಾತಾಡು. ಒಂದು ದಿನ ನೀನಿಲ್ಲದಿದ್ದರೆ ಟೆಂಟುಗಳೇನೂ ಬೀಳುವುದಿಲ್ಲ. ಸಂಕ್ರಾಂತಿಗೆ ಎಳ್ಳಿನುಂಡಿ ಇಟ್ಟಿದ್ದೇನೆ, ಮೇಲಿನ ಸಣ್ಣ ಡಬ್ಬಿ ನಿನಗೆ ಮಾತ್ರ, ಬಂದವರಿಗೆ ಹಂಚಬೇಡ. ಕಿವಿಗೆ ಮಫ್ಲರ್ ಕಟ್ಟಿಕೋ. ಇಷ್ಟು ಬೈದ ಮೇಲೂ ನಿನ್ನನ್ನು ಹರಸದೆ ಪತ್ರ ಮುಗಿಸಲು ನನಗೆ ಬರುವುದಿಲ್ಲ. ಚೆನ್ನಾಗಿರು.

ನಿನ್ನ ಅವ್ವ,
ಮಲ್ಲವ್ವ

ತಾ.ಕ.: ಟೆಂಪೋ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ವೈಶಾಲಿ ಆಸ್ಪತ್ರೆಗೆ ಬರೆದು ಕೊಟ್ಟ ರಾಜೀನಾಮೆಯನ್ನು ವಾಪಸ್ ತೆಗೆದುಕೊಂಡಳು. ಚಪ್ಪಲಿ ಬಿಡುತ್ತ ಹೇಳಿದಳು, ಅಷ್ಟೇ. ಜೂನ್‌ನಲ್ಲಿ ಅವಳೂ ಮಾಧುರಿಯೂ ಬರುವುದಿಲ್ಲ. ನಾನು ಅವಳ ಜೊತೆ ಇಲ್ಲೇ ಇರುತ್ತೇನೆ, ನಿನ್ನ ಹತ್ತಿರ ಬರುವುದಿಲ್ಲ. ನಿನ್ನೆ ಸಂಜೆಯೇ ಲಿಫ್ಟಿನಲ್ಲಿ ಐದನೇ ಮಾಳಿಗೆಗೆ ಹೊಸದಾಗಿ ಬಂದ ಹೆಂಗಸು ಮಾಧುರಿಗೆ, ನಿನ್ನ ಪಪ್ಪಾ ಏನು ಮಾಡುತ್ತಾರೆ ಎಂದು ಕೇಳಿದಳು. ಅವರು ಒಂದು ಕ್ಯಾಂಪಿನವರು, ನಮ್ಮ ಮಮ್ಮಿ ಅವರಿಗೆ ರೊಟ್ಟಿ ಕಳಿಸುತ್ತಾಳೆ ಎಂದಳು ನಿನ್ನ ಮಗಳು, ಹಿಂದಿಯಲ್ಲಿ, ಏನೂ ಸಿಟ್ಟಿಲ್ಲದೆ. ಜೀವನವೆಲ್ಲ ಮಕ್ಕಳ ತಪ್ಪು ತಿದ್ದಿದ ರೂಢಿ ನನ್ನದು, ತಟ್ಟನೆ ಬಾಯಿ ತೆರೆದೆ. ತಿದ್ದಲು ಏನೂ ಸಿಗಲಿಲ್ಲ.