ಪಕ್ಕದ ಮನೆಯ ಎಲೆಗೊಬ್ಬರ

ಅಳಿಯಂದಿರೇ,

ನಿನ್ನೆ ಪಕ್ಕದ ಮನೆ ಟೈಲರಮ್ಮನಿಂದ ತಂದ ಒಂದು ಚೀಲ ಎಲೆಗೊಬ್ಬರಕ್ಕೆ ಮುನ್ನೂರು ಕೊಟ್ಟಿರಿ. ಹೋದ ವರ್ಷ ಎಲೆ ಉದುರುವ ಕಾಲಕ್ಕೆ ನಮ್ಮ ಅಂಗಳದ ಎಲೆಯನ್ನೆಲ್ಲ "ಕಸ ಅತ್ತೆ, ಬರೀ ಕಸ" ಎನ್ನುತ್ತ ಹನ್ನೆರಡು ಚೀಲ ತುಂಬಿ ಅವರಿಗೇ ಬಿಟ್ಟಿ ಕೊಟ್ಟಿದ್ದಿರಿ. ಅಂಗೈಯ ಬೆಣ್ಣೆ ಕೊಟ್ಟು ತುಪ್ಪ ಕೊಂಡ ಹಾಗಾಯಿತು.

ಈ ಸಲ ಗುಡಿಸಿದ ಎಲೆಯನ್ನು ಸುಡಬೇಡಿ, ದಾನವನ್ನೂ ಮಾಡಬೇಡಿ. ಗಿಡಗಳ ಬುಡಕ್ಕೆ ಹರಡಿ, ಮಿಕ್ಕದ್ದನ್ನು ಗುಂಡಿಗೆ ತುಂಬಿ ನೀರು ಚಿಮುಕಿಸಿ. ಟೈಲರಮ್ಮ ಖಾಲಿ ಚೀಲ ಹಿಡಿದು ನಗುತ್ತ ಬಂದರೆ ಚಹಾ ಕೊಡಿ, ಎಲೆ ಕೊಡಬೇಡಿ.

ಆ ಗೊಬ್ಬರ ನಮ್ಮ ಎಲೆಯದ್ದೇ ಎಂದರೆ ನೀವು ನಂಬಲಿಲ್ಲ. ಬೆಳಿಗ್ಗೆ ಚೀಲ ಸುರಿದು ನೋಡಿದೆ. ಹೋದ ವರ್ಷ ಕಳೆದುಹೋದ ನಿಮ್ಮ ಕನ್ನಡಕ ಅದರಲ್ಲಿತ್ತು. ಒಂದು ಗಾಜು ಒಡೆದಿದೆ, ಇನ್ನೊಂದು ಚೆನ್ನಾಗಿದೆ.